ಸೊಟ್ಟಗಾದ ಫೈಬರ್‌ಗ್ಲಾಸ್ ರೆಕ್ಕೆತುದಿಯನ್ನು ನೇರ ಮಾಡುವ ಬಗೆ: ಮನೆಯಲ್ಲಿ ವಿಮಾನ ಕಟ್ಟುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ರೆಕ್ಕೆಯ ಹಿಂದಿನ ಅಂಚಿಗೆ ಕಣ್ಣು ಹೊಂದಿಸಿ ಉದ್ದಕ್ಕೂ ನೋಡಿದಾಗ, ಇಳಿಯುವಾಗ ತಗ್ಗಿಸುವ ಫ್ಲಾಪ್‌ನಿಂದ, ವಿಮಾನವನ್ನು ಪಕ್ಕಕ್ಕೆ ವಾಲಿಸುವ ಐಲರಾನ್‌ವರೆಗೆ ದಾರ ಹಿಡಿದಂತೆ ಬಂದ ಗೆರೆಯು ಕೊನೆಯ ಒಂದಡಿಯಲ್ಲಿ ಮೇಲಕ್ಕೋ ಕೆಳಕ್ಕೋ ತಿರುಗಿಕೊಂಡಿದ್ದರೆ, ಆ ರೆಕ್ಕೆತುದಿ ಸೊಟ್ಟಗಾಗಿದೆ ಎಂದು ತಿಳಿಯಬೇಕು. ನನ್ನ ವಿಮಾನದ ಎಡ ತುದಿಯಲ್ಲಿ ಈ ಸೊಟ್ಟು ಹೊರಮೂಲೆಯ ಬಳಿ 9 ಮಿಲಿಮೀಟರ್ ಇತ್ತು, ಬಲ ತುದಿಯಲ್ಲಿ 4. ನನ್ನದು ಎರಡು ಆಸನಗಳ, ಅಲ್ಯೂಮಿನಿಯಂ ಮೈಯ ಕಿಟ್ ವಿಮಾನ. ಆಲೂರಿನ ಬಳಿ ಸಕಲೇಶಪುರ ರಸ್ತೆಗೆ ಹೊಂದಿಕೊಂಡಿರುವ ನಮ್ಮ ತೋಟದ ಹಳೆಯ ಕಾಫಿ ಗೋದಾಮಿನಲ್ಲಿ ಅದನ್ನು ಜೋಡಿಸುತ್ತಿದ್ದೇನೆ. ಅದರ ತುದಿಗಳನ್ನು ಒಮ್ಮೆ ತಪ್ಪು ದಾರಿಯಲ್ಲಿ, ಇನ್ನೊಮ್ಮೆ ಸರಿಯಾದ ದಾರಿಯಲ್ಲಿ ರಿಪೇರಿ ಮಾಡಿದ ಮೇಲೆ ನನಗೆ ಖಚಿತವಾದ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಗಟ್ಟಿಯಾದ ಫೈಬರ್‌ಗ್ಲಾಸನ್ನು ಒತ್ತಿ ಹಿಡಿದು ನೇರ ಮಾಡಲು ಹೋಗಬಾರದು. ಅದನ್ನು ಸೀಳಿ, ಒಳಗಿನ ಬಿಗಿತವನ್ನು ಬಿಡಿಸಿ, ಅದು ತಾನಾಗಿ ಸಡಿಲಗೊಂಡ ಮೇಲೆ ನೇರ ಸ್ಥಿತಿಯಲ್ಲಿ ಮತ್ತೆ ಬೆಸೆಯಬೇಕು.

ಈ ಕೆಲಸ ಕೇವಲ ಅಂದಕ್ಕಾಗಿ ಅಲ್ಲ. ಎಡ ತುದಿಯ ಹಿಂದಿನ ಅಂಚು ಮೇಲಕ್ಕೆ ತಿರುಗಿದ್ದರೆ ಅದು ಸದಾ ಸ್ವಲ್ಪ ಎತ್ತಿ ಹಿಡಿದ ಐಲರಾನ್‌ನಂತೆ ವರ್ತಿಸಿ ಎಡ ರೆಕ್ಕೆಯನ್ನು ತಗ್ಗಿಸುತ್ತದೆ. ಪೈಲಟ್ ಹಾರಾಟದುದ್ದಕ್ಕೂ ನಿಯಂತ್ರಣ ಕಡ್ಡಿಯನ್ನು ಬಲಕ್ಕೆ ಹಿಡಿದುಕೊಂಡೇ ಕೂರಬೇಕಾಗುತ್ತದೆ.

ಮೊದಲು ನೋಡಬೇಕಾದದ್ದು

ನಿಮ್ಮ ರೆಕ್ಕೆತುದಿ ಭಾರ ಹೊರುವ ಭಾಗವೋ ಅಥವಾ ಬರೀ ಮುಚ್ಚಳವೋ ಎಂಬುದನ್ನು ನಕ್ಷೆ ನೋಡಿ ತೀರ್ಮಾನಿಸಿಕೊಳ್ಳಿ. ಅಲ್ಯೂಮಿನಿಯಂ ರೆಕ್ಕೆಯ ಬಹುತೇಕ ಕಿಟ್ ವಿಮಾನಗಳಲ್ಲಿ ತುದಿಯು ರೆಕ್ಕೆಯ ಕೊನೆಯ ಪಕ್ಕೆಲುಬಿನ ಆಚೆ ಸ್ಕ್ರೂಗಳಿಂದ ಕೂರಿಸಿದ ಟೊಳ್ಳು ಚಿಪ್ಪು ಮಾತ್ರ. ಈ ಮಾರ್ಗದರ್ಶಿ ಅಂಥವುಗಳಿಗೆ ಮಾತ್ರ ಅನ್ವಯಿಸುತ್ತದೆ. ಇಡೀ ರೆಕ್ಕೆಯೇ ಫೈಬರ್‌ಗ್ಲಾಸ್ ಆಗಿರುವ ವಿಮಾನಗಳಲ್ಲಿ, ತುದಿಯಲ್ಲಿ ನಿಂತ ಪುಟ್ಟ ರೆಕ್ಕೆಗಳಿರುವಲ್ಲಿ ಅಥವಾ ತುದಿಯೊಳಗೆ ಪೆಟ್ರೋಲ್ ತೊಟ್ಟಿ ಇರುವಲ್ಲಿ ಗರಗಸ ಹಿಡಿಯುವ ಮೊದಲು ವಿನ್ಯಾಸಕಾರರ ಲಿಖಿತ ಸೂಚನೆ ಬೇಕೇ ಬೇಕು. ಸಾಮಾನ್ಯ ರಿಪೇರಿ ಪದ್ಧತಿಗಳಿಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ಹೊರತಂದಿರುವ ಎಸಿ 43.13-1ಬಿ ಕೈಪಿಡಿಯ 3ನೇ ಅಧ್ಯಾಯ ಫೈಬರ್‌ಗ್ಲಾಸ್ ಮತ್ತು ಪ್ಲಾಸ್ಟಿಕ್‌ಗಳಿಗೆ ಮೀಸಲಾಗಿದ್ದು, ಅದನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ವಿಮಾನದ ದಾಖಲೆಗೆ ಸಹಿ ಹಾಕುವ ಇಂಜಿನಿಯರ್‌ಗೂ ಕೆಲಸ ಶುರುವಾಗುವ ಮೊದಲೇ ವಿಷಯ ತಿಳಿಸಿ, ಸೀಳಿದ ಸ್ಥಿತಿಯಲ್ಲಿ, ಬೆಸೆದ ಸ್ಥಿತಿಯಲ್ಲಿ ಮತ್ತು ಬಣ್ಣಕ್ಕೆ ಮುಂಚೆ ಫೋಟೋ ತೆಗೆದಿಡಿ.

ತುದಿಯೊಳಗೆ ಆಂಟೆನಾ ಇದೆಯೇ ಎಂದೂ ನೋಡಿ. ಗಾಜಿನ ನಾರಿನ ಮೂಲಕ ರೇಡಿಯೋ ಅಲೆಗಳು ಹಾದುಹೋಗುವುದರಿಂದ ಅನೇಕರು ದಿಕ್ಕು ತಿಳಿಸುವ ವಿಓಆರ್ ರೇಡಿಯೋದ ಆಂಟೆನಾವನ್ನು ಅಲ್ಲೇ ಅಡಗಿಸಿಡುತ್ತಾರೆ. ಅಂಥ ತುದಿಯ ರಿಪೇರಿಗೆ ಕಾರ್ಬನ್ ಬಟ್ಟೆ ಬಳಸಿದರೆ ಅದು ಅಲೆಗಳನ್ನು ತಡೆಯುತ್ತದೆ. ಲೋಹದ ಪುಡಿ ಬೆರೆತ ಬಣ್ಣಕ್ಕೂ ಇದೇ ದೋಷವಿದೆ.

ಸೊಟ್ಟಗಾಗುವುದೇಕೆ

ಕಾರಣ ತಿಳಿಯದೆ ರಿಪೇರಿಗೆ ಕೈ ಹಾಕಿದರೆ ಅದೇ ಸೊಟ್ಟು ಮತ್ತೆ ಬರುತ್ತದೆ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಫೈಬರ್ ಕೆಲಸ ಮಾಡುವ ಹಿರಿಯರೊಬ್ಬರಿಗೆ ನನ್ನ ತುದಿಯನ್ನು ತೋರಿಸಿದಾಗ ಅವರು ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ತಟ್ಟಿ, ಒಳಗಿನ ಗಾಜಿನ ನಾರಿನ ಮ್ಯಾಟ್‌ನ ಮೇಲೆ ಹೆಬ್ಬೆರಳು ಆಡಿಸಿ, “ಸಾರ್, ಇದು ಪೂರ್ತಿ ಒಣಗೋಕೆ ಮುಂಚೇನೇ ಅಚ್ಚಿಂದ ತೆಗ್ದಿದಾರೆ, ಮೇಲ್ಗಡೆ ರೆಸಿನ್ ಜಾಸ್ತಿ ನಿಂತಿದೆ, ಅದೇ ಎಳ್ಕೊಂಡಿದೆ” ಎಂದರು. ಅವರ ಮಾತಿನಲ್ಲಿ ಇಡೀ ವಿಜ್ಞಾನವೇ ಅಡಗಿತ್ತು. ರೆಸಿನ್ ಎಂದರೆ ಗಾಜಿನ ನಾರನ್ನು ಹಿಡಿದಿಡುವ, ದ್ರವವಾಗಿದ್ದು ಆಮೇಲೆ ಗಟ್ಟಿಯಾಗುವ ಅಂಟು. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಗಾತ್ರದಲ್ಲಿ ಸುಮಾರು ಶೇ 5ರಿಂದ 8ರಷ್ಟು ಕುಗ್ಗುತ್ತದೆ. ಇನ್ನೊಂದು ಬಗೆಯ ರೆಸಿನ್ ಆದ ಎಪಾಕ್ಸಿ ಅದಕ್ಕಿಂತ ಬಹಳ ಕಡಿಮೆ ಕುಗ್ಗುತ್ತದೆ. ಮೇಲಿನ ಮತ್ತು ಕೆಳಗಿನ ಚಿಪ್ಪುಗಳಲ್ಲಿ ರೆಸಿನ್ ಪ್ರಮಾಣ ಒಂದೇ ಸಮ ಇಲ್ಲದಿದ್ದರೆ ಒಂದು ಚಿಪ್ಪು ಇನ್ನೊಂದಕ್ಕಿಂತ ಹೆಚ್ಚು ಕುಗ್ಗಿ, ಎರಡೂ ಬೆಸೆದುಕೊಂಡಿರುವ ತೆಳ್ಳಗಿನ ಹಿಂದಿನ ಅಂಚನ್ನು ತನ್ನ ಕಡೆಗೆ ಎಳೆಯುತ್ತದೆ. ಅಚ್ಚಿನಿಂದ ಬೇಗ ತೆಗೆದರೆ ಈ ಕುಗ್ಗುವಿಕೆ ಯಾವ ಆಧಾರವೂ ಇಲ್ಲದೆ ಹೊರಗೆ ಮುಂದುವರಿಯುತ್ತದೆ.

ಉಳಿದ ಕಾರಣಗಳು ನಮ್ಮ ಕೈಯಿಂದಲೇ ಆಗುವಂಥವು. ತುದಿಯನ್ನು ಹಿಂದಿನ ಅಂಚಿನ ಮೇಲೆ ಗೋಡೆಗೆ ಒರಗಿಸಿ ತಿಂಗಳುಗಟ್ಟಲೆ ನಿಲ್ಲಿಸುವುದು, ತಗಡಿನ ಸೂರಿಗೆ ಹತ್ತಿರದ ಅಟ್ಟದಲ್ಲಿ ಇಡುವುದು, ಗಾಢ ಬಣ್ಣ ಬಳಿದು ಬಿಸಿಲಿನಲ್ಲಿ ಬಿಡುವುದು ಇವೆಲ್ಲವೂ ಸೊಟ್ಟಿಗೆ ದಾರಿ ಮಾಡಿಕೊಡುತ್ತವೆ. ಕಪ್ಪು ಅಥವಾ ಕಡುನೀಲಿ ಮೈ ಸುಡುಬಿಸಿಲಿನಲ್ಲಿ 80 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾದ ಸಾಮಾನ್ಯ ಎಪಾಕ್ಸಿಗಳು 55–65 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತವೆ. ಫೈಬರ್‌ಗ್ಲಾಸ್ ವಿಮಾನಗಳಿಗೆ ಬಿಳಿ ಬಣ್ಣ ಬಳಿಯುವ ರೂಢಿ ಬಂದದ್ದು ಇದೇ ಕಾರಣದಿಂದ.

ಸಾಮಗ್ರಿ ಮತ್ತು ಕಾಲ

ರೆಸಿನ್ ವಿಷಯದಲ್ಲಿ ಒಂದು ನಿಯಮವನ್ನು ಮರೆಯಬಾರದು. ಗಟ್ಟಿಯಾದ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಆದರೆ ಗಟ್ಟಿಯಾದ ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ನಂಬಿಕಸ್ತವಾಗಿ ಹಿಡಿಯುವುದಿಲ್ಲ. ಆದ್ದರಿಂದ ಮೂಲ ತುದಿ ಯಾವುದರದ್ದೇ ಆಗಿರಲಿ, ರಿಪೇರಿಗೆ ಎಪಾಕ್ಸಿಯನ್ನೇ ಬಳಸಿ. ಕಿಟ್ ತಯಾರಕರು ಸೂಚಿಸಿದ ರೆಸಿನ್ ಸಿಕ್ಕರೆ ಅದೇ ಉತ್ತಮ. ಬೆಂಗಳೂರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಲಾಪಾಕ್ಸ್ ಎಲ್-12 ಎಪಾಕ್ಸಿ ರೆಸಿನ್ ಮತ್ತು ಅದನ್ನು ಗಟ್ಟಿಯಾಗಿಸುವ ಕೆ-6 ಹಾರ್ಡ್ನರ್ ಜೋಡಿಯನ್ನು ತೂಕದಲ್ಲಿ 100ಕ್ಕೆ 10ರಂತೆ ಬೆರೆಸಬೇಕು. 60 ಗ್ರಾಂ ರೆಸಿನ್‌ಗೆ ಬೇಕಾದ ಹಾರ್ಡ್ನರ್ ಕೇವಲ 6 ಗ್ರಾಂ. ಅಂದರೆ ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ತಪ್ಪು ತೋರಿಸಿದರೂ ಮಿಶ್ರಣ ಕೆಟ್ಟಂತೆಯೇ ಲೆಕ್ಕ. ಚಿನ್ನದಂಗಡಿಯಲ್ಲಿರುವಂಥ, 0.1 ಗ್ರಾಂ ತೋರಿಸುವ ತಕ್ಕಡಿಯನ್ನು ಕೊಂಡುಕೊಳ್ಳಿ. ಹಾರ್ಡ್ನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ಪಾಲಿಯೆಸ್ಟರ್ ಕೆಲಸದ ಅಭ್ಯಾಸ ಎಪಾಕ್ಸಿಗೆ ಸಲ್ಲದು. ಇಲ್ಲಿ ಹೆಚ್ಚಾದದ್ದು ಬೆಸೆಯದೆ ಉಳಿದು ಕೆಲಸವನ್ನು ದುರ್ಬಲಗೊಳಿಸುತ್ತದೆ.

ಇದರ ಜೊತೆಗೆ ಚದರ ಮೀಟರಿಗೆ ಸುಮಾರು 200 ಗ್ರಾಂ ತೂಗುವ ನೇಯ್ದ ಗಾಜಿನ ಬಟ್ಟೆ, ಬೆಸುಗೆಗೆ ಬಲ ಕೊಡುವ ಫ್ಲಾಕ್ಸ್ ಎಂಬ ಹತ್ತಿನಾರಿನ ಪುಡಿ, ಹಗುರವಾದ ಪುಟ್ಟಿಗೆ ಬೇಕಾದ ಮೈಕ್ರೋಬಲೂನ್ ಎಂಬ ಟೊಳ್ಳು ಗಾಜಿನ ಹರಳುಪುಡಿ, 25 ಮಿಮೀ ಅಗಲ ಮತ್ತು 3 ಮಿಮೀ ದಪ್ಪದ ಎರಡು ಅಲ್ಯೂಮಿನಿಯಂ ಆಂಗಲ್‌ಗಳು, ಹತ್ತಾರು ಕ್ಲಾಂಪ್‌ಗಳು, ಕಂದು ಬಣ್ಣದ ಪ್ಯಾಕಿಂಗ್ ಟೇಪ್, 80ರಿಂದ 320 ನಂಬರಿನವರೆಗಿನ ಎಮರಿ ಪೇಪರ್ ಮತ್ತು ಅಸಿಟೋನ್ ಬೇಕು. ಆಂಗಲ್‌ಗಳನ್ನು ಅಂಗಡಿಯಲ್ಲೇ ಒಂದರ ಮೇಲೊಂದು ಇಟ್ಟು, ನಡುವೆ ಬೆಳಕು ತೂರುತ್ತದೆಯೇ ಎಂದು ನೋಡಿ ಆರಿಸಿಕೊಳ್ಳಿ. ಆಂಗಲ್ ಸೊಟ್ಟಗಿದ್ದರೆ ರೆಕ್ಕೆಯೂ ಸೊಟ್ಟಗಾಗುತ್ತದೆ.

ಕಾಲವನ್ನು ಆರಿಸುವುದು ಸಾಮಗ್ರಿಯನ್ನು ಆರಿಸುವಷ್ಟೇ ಮುಖ್ಯ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ತುಂಬಿರುತ್ತದೆ, ಆಲೂರಿನಿಂದ ಪಶ್ಚಿಮಕ್ಕೆ ಸರಿದಷ್ಟೂ ಅದು ಹೆಚ್ಚು. ತೇವದ ದಿನಗಳಲ್ಲಿ ಗಟ್ಟಿಯಾಗುವ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಪದರವೊಂದು ಮೂಡುತ್ತದೆ, ಅದರ ಮೇಲೆ ಮುಂದಿನ ಪದರ ಹಿಡಿಯುವುದಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ, ಹೂಮಳೆ ಬೀಳುವುದಕ್ಕೆ ಮೊದಲು ಸಿಗುವ ಒಣ ವಾರಗಳೇ ಈ ಕೆಲಸಕ್ಕೆ ಹೇಳಿ ಮಾಡಿಸಿದವು. ಮಳೆಗಾಲದಲ್ಲಿ ಮಾಡಲೇಬೇಕಾದರೆ ಗಾಜಿನ ಬಟ್ಟೆಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಬಲ್ಬ್ ಉರಿಸಿ ಒಣಗಿಸಿಟ್ಟುಕೊಳ್ಳಿ, ಪ್ರತಿ ಪದರದ ನಂತರ ಮೈಯನ್ನು ನೀರು ಮತ್ತು ಪಾತ್ರೆ ಉಜ್ಜುವ ಹಸಿರು ನಾರಿನಿಂದ ತೊಳೆದು ಒರೆಸಿ, ಆಮೇಲಷ್ಟೇ ಎಮರಿ ಪೇಪರ್ ಹಚ್ಚಿ. ತೊಳೆಯದೆ ಉಜ್ಜಿದರೆ ಜಿಡ್ಡು ಗೀರುಗಳೊಳಕ್ಕೆ ಇಳಿಯುತ್ತದೆ.

ಗಾಜಿನ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಸರಿಯಾಗಿ ಕೂರುವ ಎನ್95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್ ಇರಲೇಬೇಕು. ಎಪಾಕ್ಸಿ ಬರಿಗೈಗೆ ಮತ್ತೆ ಮತ್ತೆ ತಾಗಿದರೆ ಮುಂದೆ ಅದರ ವಾಸನೆಗೇ ಮೈ ಕೆರೆಯುವಂಥ ಅಲರ್ಜಿ ಹತ್ತಿಕೊಳ್ಳಬಹುದು, ಅದು ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಕೈಗೆ ಅಂಟಿದ್ದನ್ನು ಅಸಿಟೋನ್‌ನಿಂದ ತೊಳೆಯದೆ ಸೋಪು ನೀರಿನಿಂದ ತೊಳೆಯಿರಿ. ಪಾಲಿಯೆಸ್ಟರ್ ಕೆಲಸ ಮಾಡುವವರ ಶೆಡ್ಡಿನಲ್ಲಿ ನಿಮ್ಮ ಕೆಲಸ ನಡೆಯುತ್ತಿದ್ದರೆ ಪಾಲಿಯೆಸ್ಟರ್ ಗಟ್ಟಿಯಾಗಿಸಲು ಅಲ್ಲಿ ಇಟ್ಟಿರುವ ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ಬಾಟಲಿಗಳನ್ನು ಒಟ್ಟಿಗೆ ಇಡಲು ಬಿಡಬೇಡಿ, ಅವೆರಡು ನೇರವಾಗಿ ಬೆರೆತರೆ ಸ್ಫೋಟವಾಗುತ್ತದೆ.

ಅಳತೆ: ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ

ತುದಿಯನ್ನು ಬೆಂಚಿನ ಮೇಲಿಟ್ಟು ಅಳೆದರೆ ಪ್ರಯೋಜನವಿಲ್ಲ. ಸ್ಕ್ರೂ ಬಿಗಿದಾಗ ರೆಕ್ಕೆಯ ಬಾಯಿಗೆ ಹೊಂದಿಕೊಳ್ಳಲು ಚಿಪ್ಪು ಸ್ವಲ್ಪ ತಿರುಚಿಕೊಳ್ಳುತ್ತದೆ, ಆದ್ದರಿಂದ ಅಳತೆಯೂ ರಿಪೇರಿಯೂ ತುದಿಯನ್ನು ರೆಕ್ಕೆಗೆ ಕೂರಿಸಿ, ಎಲ್ಲ ಸ್ಕ್ರೂಗಳನ್ನೂ ಹಾಕಿದ ಸ್ಥಿತಿಯಲ್ಲೇ ನಡೆಯಬೇಕು. ಎರಡು ಸ್ಕ್ರೂ ಬಿಟ್ಟರೆ ಏನಾಗುತ್ತದೆ ಎಂದುಕೊಳ್ಳಬೇಡಿ. ನನ್ನ ಬಲ ತುದಿಯಲ್ಲಿ ಹಿಂದಿನ ಎರಡು ಸ್ಕ್ರೂ ಬಿಗಿದ ಮಾತ್ರಕ್ಕೆ ಅಂಚು 1.5 ಮಿಮೀ ಸರಿಯಿತು.

ಮುಂದೆ ಐಲರಾನನ್ನು ನಟ್ಟನಡುವಿನ ಸ್ಥಿತಿಯಲ್ಲಿ ಅಲುಗದಂತೆ ನಿಲ್ಲಿಸಬೇಕು. ರೆಕ್ಕೆಯ ಅಡ್ಡಸೀಳಿನ ಆಕಾರವನ್ನು ನಕ್ಷೆಯಿಂದ ಪ್ಲೈವುಡ್ಡಿಗೆ ಇಳಿಸಿ ಕತ್ತರಿಸಿ, ಅದರೊಳಗೆ ರೆಕ್ಕೆ ಮತ್ತು ಐಲರಾನ್ ಒಟ್ಟಿಗೆ ಕೂರುವಂತೆ ಮಾಡಿದರೆ ಇದು ಸುಲಭ. ಕಣ್ಣಂದಾಜಿನಲ್ಲಿ ನಿಲ್ಲಿಸಿದ ಐಲರಾನ್‌ಗೆ ತುದಿಯನ್ನು ಹೊಂದಿಸಿದರೆ ನಾಳೆ ಐಲರಾನ್ ಸರಿಯಾದ ದಿನ ತುದಿ ಸೊಟ್ಟಗೆ ಕಾಣುತ್ತದೆ. ಐಲರಾನ್‌ನ ಅಂಚೇ ಅಂಕುಡೊಂಕಾಗಿದ್ದರೆ ಅದಕ್ಕೆ ಪುಟ್ಟಿ ಹಚ್ಚಿ ಸರಿಮಾಡುವ ಯೋಚನೆಯನ್ನು ಬಿಟ್ಟುಬಿಡಿ. ಅದರ ಹಿಂದಿನ ಅಂಚಿಗೆ ಸೇರಿಸಿದ ತೂಕ ಸಮತೋಲವನ್ನು ಕೆಡಿಸಿ, ವೇಗದಲ್ಲಿ ಐಲರಾನ್ ಪಟಪಟನೆ ಬಡಿದುಕೊಳ್ಳುವ ಫ್ಲಟರ್ ಎಂಬ ಅಪಾಯಕ್ಕೆ ದಾರಿಯಾಗುತ್ತದೆ.

ಈಗ ಗಾರೆ ಕೆಲಸದವರು ಗೋಡೆಗೆ ಹಿಡಿಯುವಂತೆ ತೆಳ್ಳಗಿನ ನೈಲಾನ್ ದಾರವನ್ನು ಫ್ಲಾಪ್‌ನ ಒಳತುದಿಯಿಂದ ರೆಕ್ಕೆತುದಿಯ ಆಚೆಗೆ ನಿಲ್ಲಿಸಿದ ಸ್ಟ್ಯಾಂಡಿನವರೆಗೆ ಬಿಗಿದು, ಅದು ಫ್ಲಾಪ್ ಮತ್ತು ಐಲರಾನ್ ಅಂಚುಗಳಿಂದ 5 ಮಿಮೀ ಮೇಲೆ ಸಮನಾಗಿ ನಿಲ್ಲುವಂತೆ ಹೊಂದಿಸಿ. ತುದಿಯ ಹಿಂದಿನ ಅಂಚಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, 50 ಮಿಮೀಗೊಂದರಂತೆ ಗುರುತು ಹಾಕಿ, ಪ್ರತಿ ಗುರುತಿನಲ್ಲಿ ದಾರದಿಂದ ಇರುವ ಅಂತರವನ್ನು ಅಳೆದು ಟೇಪಿನ ಮೇಲೇ ಬರೆಯಿರಿ. ನನ್ನ ಎಡ ತುದಿಯ ಟೇಪಿನ ಮೇಲೆ ಒಳಗಿನಿಂದ ಹೊರಕ್ಕೆ 5, 5, 4, 2, 0 ಎಂದು ಬರೆದು, ಉಳಿದ ಎರಡು ಗುರುತುಗಳಲ್ಲಿ ಅಂಚು ದಾರವನ್ನೇ ಮೇಲಕ್ಕೆ ತಳ್ಳುತ್ತಿದ್ದುದರಿಂದ ದಾರವನ್ನು ಇನ್ನಷ್ಟು ಎತ್ತಿ ಮತ್ತೆ ಅಳೆಯಬೇಕಾಯಿತು. ಆ ಟೇಪನ್ನು ಕಿತ್ತೆಸೆಯದೆ ಜೋಪಾನವಾಗಿಡಿ.

ವ್ಯತ್ಯಾಸ 2 ಮಿಮೀ ಒಳಗಿದ್ದರೆ ಪುಟ್ಟಿಯಿಂದ ಸರಿಹೋಗುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಅಂಚನ್ನು ಸೀಳಬೇಕು ಎಂಬುದು ನನ್ನ ಅಭಿಪ್ರಾಯ.

ಬಿಸಿ ಮಾಡಿ ನೇರ ಮಾಡುವ ದಾರಿ ಮತ್ತು ಅದರ ಮಿತಿ

ಹೀಟ್ ಗನ್ನಿನಿಂದ ಬಿಸಿ ಮಾಡಿ, ಆಂಗಲ್‌ಗಳ ನಡುವೆ ಬಿಗಿದು, ತಣ್ಣಗಾಗಲು ಬಿಡುವ ಪದ್ಧತಿಯನ್ನು ಅನೇಕರು ಹೇಳುತ್ತಾರೆ. ನಾನೂ ಮೊದಲು ಅದನ್ನೇ ಮಾಡಿದೆ. ಅಂಚು 75 ಡಿಗ್ರಿ ಮುಟ್ಟುವವರೆಗೆ ಬಿಸಿ ಮಾಡಿ, ಎದುರು ದಿಕ್ಕಿಗೆ 3 ಮಿಮೀ ಹೆಚ್ಚೇ ಬಗ್ಗಿಸಿ, ರಾತ್ರಿಯಿಡೀ ಕ್ಲಾಂಪ್‌ನಲ್ಲಿ ಬಿಟ್ಟೆ. ಬೆಳಗ್ಗೆ ದಾರ ಹಿಡಿದು ನೋಡಿದಾಗ ಅಂಚು ನೆಟ್ಟಗಿತ್ತು. ಎರಡು ವಾರದ ನಂತರ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ರೆಕ್ಕೆಯನ್ನು ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕೆ ತಂದಿಟ್ಟು ಊಟ ಮಾಡಿ ಬರುವಷ್ಟರಲ್ಲಿ 6 ಮಿಮೀ ಸೊಟ್ಟು ಮರಳಿ ಬಂದಿತ್ತು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಮಾತು ಈ ರೆಸಿನ್‌ಗಳ ವಿಷಯದಲ್ಲಿ ಅಕ್ಷರಶಃ ನಿಜ. ಒಮ್ಮೆ ಗಟ್ಟಿಯಾದ ಪಾಲಿಯೆಸ್ಟರ್ ಅಥವಾ ಎಪಾಕ್ಸಿ ಪ್ಲಾಸ್ಟಿಕ್ ಬಕೆಟ್ಟಿನಂತೆ ಕರಗಿ ಹೊಸ ಆಕಾರ ಪಡೆಯುವುದಿಲ್ಲ, ಬಿಸಿಯಲ್ಲಿ ಮೆತ್ತಗಾಗುತ್ತದೆಯಷ್ಟೇ. ಬಗ್ಗಿಸಿ ತಣಿಸಿದಾಗ ಬಿಗಿತ ಒಳಗೇ ಉಳಿದುಕೊಂಡು, ಮುಂದಿನ ಬಿಸಿಲು ಬಿದ್ದಾಗ ಹಳೆಯ ಆಕಾರಕ್ಕೆ ಮರಳುತ್ತದೆ. ಅಚ್ಚಿನಲ್ಲಿ ಅರೆಬರೆ ಗಟ್ಟಿಯಾಗಿದ್ದ ತುದಿಯಾದರೆ ಬಿಸಿಯಿಂದ ಉಳಿದ ಗಟ್ಟಿಯಾಗುವಿಕೆಯೂ ಮುಗಿದು ಸ್ವಲ್ಪ ಲಾಭ ಆಗಬಹುದು, ಆದರೆ ನಂಬಿ ಬಣ್ಣ ಬಳಿಯುವಷ್ಟು ಅಲ್ಲ.

ಹಿಂದಿನ ಅಂಚನ್ನು ಸೀಳುವುದು

ಸೀಳುವ ಗೆರೆ ಹಿಂದಿನ ಅಂಚಿನ ನಟ್ಟನಡುವೆ, ಎರಡು ಚಿಪ್ಪುಗಳು ಕೂಡುವ ಜಾಗದಲ್ಲೇ ಇರಬೇಕು. ಒಳಬದಿಯ ತೆರೆದ ಬಾಯಿಯಿಂದ ಆರಂಭಿಸಿ, ಸೊಟ್ಟು ಮುಗಿಯುವ ಜಾಗವನ್ನು 75 ಮಿಮೀಯಷ್ಟು ದಾಟಿ, ಅಥವಾ ಅಂಚು ಹೊರಮೂಲೆಯಲ್ಲಿ ತಿರುಗುವವರೆಗೆ ಸೀಳಿ. ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಟೇಪ್ ಸುತ್ತಿ ಕೈಯಲ್ಲೇ ಹಿಡಿದು ಕೊಯ್ಯುವುದು ನಿಧಾನವಾದರೂ ಗೆರೆ ತಪ್ಪುವುದಿಲ್ಲ. ತಿರುಗುವ ಡಿಸ್ಕ್ ಬಳಸುವವರು ಕಣ್ಣಿಗೆ ಕನ್ನಡಕ ಹಾಕಿಕೊಂಡು, ಡಿಸ್ಕ್ ಒಂದು ಚಿಪ್ಪಿನ ಕಡೆಗೆ ಜಾರದಂತೆ ಎಚ್ಚರ ವಹಿಸಬೇಕು.

ಸೀಳು ಮುಂದುವರಿದಂತೆ ಚಿಪ್ಪುಗಳು ಬಿಡುಗಡೆಯಾಗುವುದು ಕೈಗೇ ಗೊತ್ತಾಗುತ್ತದೆ. ನನ್ನ ಎಡ ತುದಿಯಲ್ಲಿ ಬ್ಲೇಡ್ ಅರ್ಧ ದಾರಿ ತಲುಪಿದಾಗ ಟಕ್ ಎಂಬ ಸಣ್ಣ ಸದ್ದಾಗಿ ಬ್ಲೇಡಿನ ಮೇಲಿದ್ದ ಹಿಡಿತ ಸಡಿಲಿಸಿತು. ಸೀಳಿ ಮುಗಿಸಿ ನೋಡಿದಾಗ ಕೆಳಗಿನ ಚಿಪ್ಪಿನ ತುಟಿ ಮೇಲಿನದಕ್ಕಿಂತ 2 ಮಿಮೀ ಹಿಂದಕ್ಕೆ ಚಾಚಿಕೊಂಡಿತ್ತು. ಮೇಲಿನ ಚಿಪ್ಪು ಆ 2 ಮಿಮೀಯಷ್ಟು ಹೆಚ್ಚು ಕುಗ್ಗಿದ್ದು, ಅಂಚನ್ನು 9 ಮಿಮೀ ಮೇಲಕ್ಕೆ ಎಳೆದು ಹಿಡಿದಿತ್ತು ಎಂಬುದು ಅಲ್ಲಿ ಕಣ್ಣಿಗೆ ಕಾಣುವಂತಿತ್ತು. ಫೈಬರ್ ಕೆಲಸದ ಆ ಹಿರಿಯರು ಬೆರಳಾಡಿಸಿ ಹೇಳಿದ್ದು ಇದನ್ನೇ. ಈ ತುಟಿಗಳನ್ನು ಮತ್ತೆ ಸಮಕ್ಕೆ ಎಳೆದು ಕೂಡಿಸಲು ಹೋಗಬೇಡಿ. ಅವು ಜಾರಿ ನಿಂತ ಜಾಗದಲ್ಲೇ ಬೆಸೆಯಬೇಕು. ಹೆಚ್ಚಾಗಿ ಚಾಚಿದ್ದನ್ನು ಕೊನೆಯಲ್ಲಿ ಉಜ್ಜಿ ತೆಗೆದರಾಯಿತು.

ಸೀಳಿದ ತುದಿಯನ್ನು ಒಂದು ರಾತ್ರಿ ಹಾಗೆಯೇ ಬಿಡಿ. ಮರುದಿನ ಸೀಳಿನ ಒಳಗೆ 25 ಮಿಮೀ ಆಳದವರೆಗೆ ಹಳೆಯ ಪುಟ್ಟಿಯನ್ನೂ ರೆಸಿನ್ ಗಂಟುಗಳನ್ನೂ ಉಳಿಯಿಂದ ಕೆರೆದು ತೆಗೆದು, ಚಪ್ಪಟೆ ಕಡ್ಡಿಗೆ 80 ನಂಬರಿನ ಎಮರಿ ಪೇಪರ್ ಅಂಟಿಸಿ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ. ಧೂಳನ್ನು ವ್ಯಾಕ್ಯೂಮ್‌ನಿಂದ ಎಳೆದು, ಶುಭ್ರವಾದ ಬಿಳಿ ಹತ್ತಿಬಟ್ಟೆಗೆ ಅಸಿಟೋನ್ ಹಾಕಿ ಎರಡು ಸಲ ಒರೆಸಿ. ಹೊಳಪು ಉಳಿದ ಜಾಗದಲ್ಲಿ ಬೆಸುಗೆ ಹಿಡಿಯದೆ, ಮುಂದೊಂದು ದಿನ ಅಂಚು ಅಲ್ಲಿಂದಲೇ ಬಾಯಿಬಿಡುತ್ತದೆ.

ಒಣ ಜೋಡಣೆ ಮತ್ತು ಬೆಸುಗೆ

ಆಂಗಲ್‌ಗಳಿಗೆ ಪ್ಯಾಕಿಂಗ್ ಟೇಪನ್ನು ಸುಕ್ಕಿಲ್ಲದಂತೆ ಸುತ್ತಿ. ಎಪಾಕ್ಸಿ ಅದಕ್ಕೆ ಅಂಟುವುದಿಲ್ಲ. ಒಂದು ಆಂಗಲ್ ಮೇಲೆ, ಇನ್ನೊಂದು ಕೆಳಗೆ, ಎರಡೂ ರೆಕ್ಕೆತುದಿಯಿಂದ ಕನಿಷ್ಠ 300 ಮಿಮೀಯಷ್ಟು ಐಲರಾನ್‌ನ ಅಂಚಿನ ಮೇಲಕ್ಕೆ ಚಾಚಿರಬೇಕು. ಆಗ ಐಲರಾನ್‌ನ ನೇರ ಅಂಚೇ ತುದಿಗೆ ಮಾರ್ಗದರ್ಶಿಯಾಗುತ್ತದೆ. ಐಲರಾನ್ ಭಾಗದಲ್ಲಿ ಮರದ ಚೂರು ಮತ್ತು ರಬ್ಬರ್ ತುಂಡು ಇಟ್ಟು, ಅದನ್ನು ಹಗುರವಾಗಿ ಮಾತ್ರ ಹಿಡಿಯಿರಿ. ತೆಳ್ಳಗಿನ ಅಲ್ಯೂಮಿನಿಯಂ ಹಾಳೆ ಕ್ಲಾಂಪಿಗೆ ತಗ್ಗಿದರೆ ಮತ್ತೆ ಎದ್ದು ಬರುವುದಿಲ್ಲ. ತುದಿಯ ಅಂಚು ಐಲರಾನ್‌ನ ಅಂಚಿಗಿಂತ ತೆಳ್ಳಗಿದ್ದರೆ ನಡುವೆ ಪ್ಲಾಸ್ಟಿಕ್ ಹಾಳೆಯ ತೆಳು ಪಟ್ಟಿಗಳನ್ನು ಸೇರಿಸಿ ದಪ್ಪ ಸಮ ಮಾಡಿಕೊಳ್ಳಿ.

ರೆಸಿನ್ ಇಲ್ಲದೆ ಒಮ್ಮೆ ಪೂರ್ತಿ ಬಿಗಿದು ನೋಡಿ. ತುಟಿಗಳು ಎರಡು ಬೆರಳಿನ ಒತ್ತಡಕ್ಕೆ ಕೂಡಬೇಕು. ಕ್ಲಾಂಪ್ ಬಿಗಿದೇ ಕೂಡಿಸಬೇಕಾದರೆ ಬಿಗಿತ ಇನ್ನೂ ಒಳಗಿದೆ ಎಂದರ್ಥ. ಸೀಳನ್ನು ಇನ್ನಷ್ಟು ಉದ್ದ ಮಾಡಿ. ಅದಕ್ಕೂ ಬಗ್ಗದಿದ್ದರೆ ಹೆಚ್ಚು ಕುಗ್ಗಿರುವ ಚಿಪ್ಪಿನಲ್ಲಿ ಹಿಂದಿನ ಅಂಚಿನಿಂದ ಮುಂದಕ್ಕೆ 50 ಮಿಮೀ ಉದ್ದದ ಅಡ್ಡಸೀಳುಗಳನ್ನು 75 ಮಿಮೀಗೊಂದರಂತೆ ಹಾಕಬಹುದು. ಅವುಗಳ ಮೇಲೆ ಆಮೇಲೆ ಗಾಜಿನ ಬಟ್ಟೆ ಹಾಕಿ ಮುಚ್ಚಬೇಕಾಗುತ್ತದೆ, ಕೆಲಸ ಒಂದು ದಿನ ಹೆಚ್ಚುತ್ತದೆ, ಆದರೆ ಒತ್ತಿ ಬೆಸೆಯುವುದಕ್ಕಿಂತ ಅದು ಎಷ್ಟೋ ಮೇಲು.

ಒಣ ಜೋಡಣೆಯಲ್ಲಿ ದಾರ ಸರಿ ಎಂದ ಮೇಲೆ, ಮೇಲಿನ ಆಂಗಲ್ ಬಿಚ್ಚಿ, 40 ಗ್ರಾಂ ರೆಸಿನ್‌ಗೆ 4 ಗ್ರಾಂ ಹಾರ್ಡ್ನರ್ ಬೆರೆಸಿ, ಬಟ್ಟಲಿನ ತಳ ಮತ್ತು ಬದಿಗಳನ್ನು ಕೆರೆಯುತ್ತ ಎರಡು ನಿಮಿಷ ಕಲಸಿ. ದೊಡ್ಡ ಲೋಟದಲ್ಲಿ ಹೆಚ್ಚು ಕಲಸಿಟ್ಟರೆ ಅದು ತನ್ನದೇ ಬಿಸಿಗೆ ಹೊಗೆಯಾಡಿ ಗಟ್ಟಿಯಾಗಿಬಿಡುತ್ತದೆ. ಅಗಲವಾದ ತಟ್ಟೆಗೆ ಸುರಿದುಕೊಂಡರೆ ಹೆಚ್ಚು ಸಮಯ ಸಿಗುತ್ತದೆ. ಮೊದಲು ಎರಡೂ ತುಟಿಗಳ ಒಳಮೈಗೆ ಬರೀ ರೆಸಿನ್ ಬಳಿಯಿರಿ. ಉಳಿದದ್ದಕ್ಕೆ ಫ್ಲಾಕ್ಸ್ ಸೇರಿಸಿ, ಕಡ್ಡಿಯಿಂದ ಎತ್ತಿದರೆ ಗಟ್ಟಿ ಚಟ್ನಿಯಂತೆ ಜಾರದೆ ನಿಲ್ಲುವ ಹದಕ್ಕೆ ತನ್ನಿ. ಅದನ್ನು ಸೀಳಿನೊಳಗೆ 20 ಮಿಮೀ ಆಳಕ್ಕೆ ತುಂಬಿ, ಆಂಗಲ್ ಕೂರಿಸಿ, ಒಳಗಿನಿಂದ ಹೊರಕ್ಕೆ ಒಂದೊಂದೇ ಕ್ಲಾಂಪ್ ಹಾಕುತ್ತ ಬನ್ನಿ. ಅಂಚಿನುದ್ದಕ್ಕೂ ತೆಳ್ಳಗೆ ರೆಸಿನ್ ಹೊರಬಂದರೆ ತುಂಬಿದ್ದು ಸಾಕಾಗಿದೆ. ಕೊನೆಯ ಕ್ಲಾಂಪ್ ಆದ ಮೇಲೆ ದಾರ ಹಿಡಿದು ಮತ್ತೆ ಅಳೆಯಿರಿ. ಈ ಹೊತ್ತಿನಲ್ಲಿ ಕಂಡ ತಪ್ಪನ್ನು ಐದು ನಿಮಿಷದಲ್ಲಿ ತಿದ್ದಬಹುದು, ನಾಳೆಯಾದರೆ ಮತ್ತೆ ಸೀಳಬೇಕು.

ಇದು 24 ಗಂಟೆ ಅಲುಗದೆ ಇರಬೇಕು. ಹಾಸನದ ಚಳಿಗಾಲದ ರಾತ್ರಿಗಳಲ್ಲಿ ಉಷ್ಣತೆ 15 ಡಿಗ್ರಿಯ ಹತ್ತಿರಕ್ಕೆ ಇಳಿಯುವುದರಿಂದ ಎಪಾಕ್ಸಿ ಬಹಳ ನಿಧಾನವಾಗುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ ತಗಲುವ ಸಮಯ ಸುಮಾರು ಎರಡು ಪಟ್ಟು. ರೆಕ್ಕೆಯ ಮೇಲೆ ಕಂಬಳಿ ಹೊದಿಸಿ, ಕೆಳಗೆ ಬಟ್ಟೆಗೆ ತಾಗದಂತೆ 60 ವ್ಯಾಟಿನ ಹಳೆಯ ಕಾಲದ ಬಲ್ಬ್ ಉರಿಸಿ, ಒಳಗೆ 30 ಡಿಗ್ರಿ ಇರುವಂತೆ ನೋಡಿಕೊಳ್ಳಿ ಮತ್ತು ಅದು ಉರಿಯುವಷ್ಟು ಹೊತ್ತು ಶೆಡ್ಡಿನಲ್ಲೇ ಇರಿ. ಕ್ಲಾಂಪ್ ತೆಗೆಯುವ ಮೊದಲು ತಟ್ಟೆಯಲ್ಲಿ ಉಳಿದ ರೆಸಿನ್‌ಗೆ ಉಗುರು ಒತ್ತಿ ನೋಡಿ. ಗುರುತು ಮೂಡಿದರೆ ಇನ್ನೂ ಕಾಯಬೇಕು.

ಆಂಗಲ್‌ಗಳನ್ನು ತೆಗೆದ ಮೇಲೆ ಅಂಚಿನ ಎರಡೂ ಬದಿ 25 ಮಿಮೀ ಅಗಲದಲ್ಲಿ ಅರ್ಧ ಮಿಲಿಮೀಟರ್‌ನಷ್ಟು ಇಳಿಜಾರಾಗಿ ಉಜ್ಜಿ, 45 ಡಿಗ್ರಿ ಓರೆಯಲ್ಲಿ ಕತ್ತರಿಸಿದ ಗಾಜಿನ ಬಟ್ಟೆಯ ಎರಡು ಪಟ್ಟಿಗಳನ್ನು, ಮೊದಲು ಕಿರಿದು, ಅದರ ಮೇಲೆ ಅದಕ್ಕಿಂತ 12 ಮಿಮೀ ಹೆಚ್ಚು ಅಗಲವಾದದ್ದು, ಹೀಗೆ ಅಂಚನ್ನು ಸುತ್ತುವಂತೆ ಹಾಕಿ. ಓರೆಯಾಗಿ ಕತ್ತರಿಸಿದ ಬಟ್ಟೆ ಚೂಪಾದ ಅಂಚಿನ ಮೇಲೆ ಎದ್ದು ನಿಲ್ಲದೆ ಮಲಗುತ್ತದೆ. ಮೇಲೆ ಲೇಪನವಿಲ್ಲದ ನೈಲಾನ್ ಬಟ್ಟೆ ಹೊದಿಸಿ ಒತ್ತಿದರೆ ಹೆಚ್ಚುವರಿ ರೆಸಿನ್ ಅದರೊಳಗೆ ಬಂದು, ಗಟ್ಟಿಯಾದ ಮೇಲೆ ಸಿಪ್ಪೆಯಂತೆ ಸುಲಿದು ತೆಗೆಯಬಹುದು. ಅಂಗಡಿಯ ಬಟ್ಟೆಯನ್ನು ಮೊದಲು ಬೇಡದ ತುಂಡಿನ ಮೇಲೆ ಪರೀಕ್ಷಿಸಿಕೊಳ್ಳಿ. ಕೊನೆಗೆ ಒಂದು ರೂಪಾಯಿ ನಾಣ್ಯದಿಂದ ಅಂಚಿನುದ್ದಕ್ಕೂ ತಟ್ಟುತ್ತ ಬನ್ನಿ. ಬೆಸುಗೆ ಸರಿಯಿದ್ದಲ್ಲಿ ಸದ್ದು ಟಣ್ ಎಂದು ಖಣಿಲಾಗಿರುತ್ತದೆ, ಪೊಳ್ಳಿದ್ದಲ್ಲಿ ಮಂಕಾಗುತ್ತದೆ.

ಕುಸಿದ ಮೈ

ಕೆಲವು ತುದಿಗಳಲ್ಲಿ ಅಂಚಿನ ಜೊತೆಗೆ ಮೇಲಿನ ಚಿಪ್ಪಿನ ನಡುಭಾಗವೂ ತಗ್ಗಿರುತ್ತದೆ. ಇದನ್ನು ಪುಟ್ಟಿಯಿಂದ ತುಂಬುವುದು ತೂಕ ಹೆಚ್ಚಿಸುವ ಕೆಲಸ. ಬದಲಿಗೆ ತುದಿಯನ್ನು ಬಿಚ್ಚಿ, ಸರಿಯಾದ ಆಕಾರಕ್ಕೆ ಕತ್ತರಿಸಿದ 6 ಮಿಮೀ ಫೋಮ್ ಪಕ್ಕೆಲುಬನ್ನು ಒಳಗೆ ನಿಲ್ಲಿಸಿ, ಫ್ಲಾಕ್ಸ್‌ನಿಂದ ಹಿಡಿಸಿ, ಎರಡೂ ಬದಿ ಒಂದೊಂದು ಪದರ ಗಾಜಿನ ಬಟ್ಟೆ ಹಾಕಿ. ಎಪಾಕ್ಸಿ ಜೊತೆ ಥರ್ಮೋಕೋಲ್ ನಡೆಯುತ್ತದೆ. ಪಾಲಿಯೆಸ್ಟರ್ ರೆಸಿನ್, ಪೆಟ್ರೋಲ್ ಅಥವಾ ಅಸಿಟೋನ್ ತಾಗಿದರೆ ಅದು ಕರಗಿಹೋಗುತ್ತದೆ. ಸಾಧ್ಯವಿದ್ದರೆ ಪಿವಿಸಿ ಫೋಮ್ ಬಳಸಿ. ಇಂಥ ಒಂದು ಪಕ್ಕೆಲುಬನ್ನು ತೆರೆದ ಬಾಯಿಯ ಹಿಂಭಾಗದಲ್ಲೂ ಹಾಕಿದರೆ ನೇರ ಮಾಡಿದ ಅಂಚು ಮುಂದೆ ಅತ್ತಿತ್ತ ಹೋಗುವುದಿಲ್ಲ.

ಪುಟ್ಟಿ ಮತ್ತು ಬಣ್ಣ

ಕಾರಿನ ಪುಟ್ಟಿಯನ್ನು ವಿಮಾನಕ್ಕೆ ತರಬೇಡಿ. ಎಪಾಕ್ಸಿಗೆ ಮೈಕ್ರೋಬಲೂನ್ ಕಲಸಿದ ಪುಟ್ಟಿ ಅದರ ಅರ್ಧಕ್ಕಿಂತ ಕಡಿಮೆ ತೂಗುತ್ತದೆ. ಹದವು ಚಪಾತಿ ಹಿಟ್ಟಿಗಿಂತ ತುಸು ಮೆದುವಾಗಿ, ಕರಣೆಗೆ ಅಂಟದೆ ಹರಡುವಂತಿರಲಿ. ಉದ್ದವಾದ ನೇರ ಮರದ ಹಲಗೆಗೆ ಎಮರಿ ಪೇಪರ್ ಅಂಟಿಸಿ, ಐಲರಾನ್‌ಗೆ ಟೇಪ್ ಹಚ್ಚಿ ಕಾಪಾಡಿಕೊಂಡು, 80ರಿಂದ ಆರಂಭಿಸಿ 120, 220, 320ಕ್ಕೆ ಬನ್ನಿ. ಬೆರಳಿನಿಂದ ಒತ್ತಿ ಉಜ್ಜಿದರೆ ಅಲೆ ಬೀಳುತ್ತದೆ. ಗಾಜಿನ ನೇಯ್ಗೆ ಕಾಣಿಸತೊಡಗಿದ ಜಾಗದಲ್ಲಿ ತಕ್ಷಣ ನಿಲ್ಲಿಸಿ. ಸೂಜಿತೂತುಗಳಿಗೆ ಬರೀ ರೆಸಿನನ್ನು ರಬ್ಬರ್ ತುಂಡಿನಿಂದ ತಿಕ್ಕಿ ತುಂಬಿ, ಪ್ರೈಮರ್ ಹೊಡೆದು, ಬಿಳಿ ಅಥವಾ ಬಿಳಿಗೆ ಹತ್ತಿರದ ಬಣ್ಣ ಕೊಡಿ.

ಬಣ್ಣಕ್ಕೆ ಮುಂಚೆ ಎರಡೂ ತುದಿಗಳನ್ನು ತೂಗಿ, ರಿಪೇರಿಗೆ ಮೊದಲಿನ ತೂಕದೊಂದಿಗೆ ದಾಖಲೆ ಪುಸ್ತಕದಲ್ಲಿ ಬರೆಯಿರಿ. ಬಳಸಿದ ರೆಸಿನ್ ಹೆಸರು, ಮಿಶ್ರಣದ ಪ್ರಮಾಣ, ದಿನಾಂಕ, ಆ ದಿನದ ಉಷ್ಣತೆ ಇವೂ ಅದೇ ಪುಟದಲ್ಲಿರಲಿ. ಮೊದಲ ಅಳತೆಯ ಮಾಸ್ಕಿಂಗ್ ಟೇಪನ್ನು ತುದಿಯ ಒಳಮೈಗೆ ಅಂಟಿಸಿ, ಅದರ ಕೆಳಗೆ ಹೊಸ ಅಳತೆಯನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ಒಂದು ಬೇಸಿಗೆ ಕಳೆದ ಮೇಲೆ ಎಲ್ಲ ಸ್ಕ್ರೂಗಳನ್ನೂ ಬಿಗಿದ ಸ್ಥಿತಿಯಲ್ಲಿ, ಐಲರಾನ್‌ಗೆ ಅದೇ ಪ್ಲೈವುಡ್ ಅಚ್ಚು ಹಾಕಿ, ಅದೇ ಗುರುತುಗಳಲ್ಲಿ ಮತ್ತೊಮ್ಮೆ ದಾರ ಹಿಡಿದು ಅಳೆಯಿರಿ. ಕಣದ ಬಿಸಿಲಿನಲ್ಲಿ ಇಡೀ ಏಪ್ರಿಲ್ ಮತ್ತು ಮೇ ತಿಂಗಳು ಕಳೆದ ನನ್ನ ಎಡ ತುದಿಯ ಏಳು ಗುರುತುಗಳಲ್ಲಿ ಆರು 5 ಎಂದೇ ಇವೆ, ಹೊರಮೂಲೆಯ ಒಂದು ಮಾತ್ರ 4.5.